ಕೊಂಡ ಬೆಲೆ ಬೇಡ, ಬಿಚ್ಚಿದ ತಾರೀಖು ಹೇಳಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ (ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಡಿ ಈಜುವುದು) ಬಗ್ಗೆ ಬಂದ ಲೇಖನ ಓದಿದೆ. ಫೋಟೋಗಳು ಚೆನ್ನಾಗಿದ್ದವು. ಮುರುಡೇಶ್ವರದ ಹೆಸರು ದೇವಸ್ಥಾನದ ಆಚೆಗೂ ನಾಲ್ಕು ಜನರ ಬಾಯಲ್ಲಿ ಬಂದರೆ ನಮ್ಮ ಜಿಲ್ಲೆಯವರಿಗೆ ಸಂತೋಷವೇ. ಆದರೆ ಲೇಖನದ ಎರಡು ಮಾತಿಗೆ ನನ್ನ ತಕರಾರಿದೆ. ಒಂದು, ಬೆನ್ನಿಗೆ ಆಮ್ಲಜನಕದ ಸಿಲಿಂಡರ್ ಕಟ್ಟುತ್ತಾರೆ ಎಂದದ್ದು. ಇನ್ನೊಂದು, ಉಪಕರಣಗಳೆಲ್ಲ ಲಕ್ಷಗಟ್ಟಲೆ ಬೆಲೆಯ ವಿದೇಶಿ ಮಾಲು, ಹಾಗಾಗಿ ಹೆದರಬೇಕಿಲ್ಲ ಎಂದದ್ದು.

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಆ ಸಿಲಿಂಡರಿನಲ್ಲಿ ಇರುವುದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿ. ಸೋಸಿ, ಒಣಗಿಸಿ, 200 ಬಾರ್ ಒತ್ತಡಕ್ಕೆ ತುಂಬಿದ್ದು (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ದಡದಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). ಅದರಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು ಮಾತ್ರ. ಬರೀ ಆಮ್ಲಜನಕ ತುಂಬಿಕೊಂಡು 6 ಮೀಟರಿಗಿಂತ ಕೆಳಗೆ ಇಳಿದರೆ ಅದೇ ವಿಷವಾಗಿ ನೀರೊಳಗೇ ಫಿಟ್ಸ್ ಬರಬಹುದು. ಪತ್ರಿಕೆಗಳು ಈ ತಪ್ಪನ್ನು ಎಷ್ಟು ವರ್ಷದಿಂದ ಮಾಡುತ್ತಿವೆಯೋ, ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಎರಡನೆಯದಕ್ಕೆ ಸ್ವಲ್ಪ ಜಾಗ ಬೇಕು. ಅದಕ್ಕೆ ಮೊದಲು ಇದನ್ನೆಲ್ಲ ಹೇಳಲು ನಾನು ಯಾರು ಅನ್ನುವುದನ್ನೂ ಹೇಳಬೇಕು.

ನಾನು ಕುಮಟೆಯಲ್ಲಿ 26 ವರ್ಷದಿಂದ ಡೀಸೆಲ್ ಪಂಪ್ ಮತ್ತು ನಾಜಲ್, ಅಂದರೆ ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗಗಳನ್ನು ರಿಪೇರಿ ಮಾಡುವವನು. ಲಾರಿ, ಟ್ರ್ಯಾಕ್ಟರ್, ಹೆಚ್ಚಾಗಿ ಮೀನು ಬೋಟುಗಳ ಎಂಜಿನ್ನು. ಡೈವಿಂಗಿಗೂ ನನಗೂ ಸಂಬಂಧವೇ ಇರಲಿಲ್ಲ. ಮುರುಡೇಶ್ವರದಲ್ಲಿ ಡೈವಿಂಗ್ ನಡೆಸುವ ಒಬ್ಬರ ಏರ್ ಕಂಪ್ರೆಸರಿನ ಡೀಸೆಲ್ ಎಂಜಿನ್ ಸೀಸನ್ನಿನ ನಡುವೆ ಕೈಕೊಟ್ಟಿತು. ಶನಿವಾರ ರಾತ್ರಿ ಹೋಗಿ ಸರಿ ಮಾಡಿಕೊಟ್ಟೆ. ದುಡ್ಡಿನ ಜೊತೆಗೆ ‘ಒಂದು ಡೈವ್ ನಮ್ಮ ಕಡೆಯಿಂದ, ಬನ್ನಿ ಮಾರಾಯ್ರೆ’ ಎಂದರು. ಆಗ ನನಗೆ 41. ಬೋಟಿನಲ್ಲಿ 19 ಕಿಲೋಮೀಟರ್ ಹೋಗಿ, ದಾರಿಯಲ್ಲಿ ತಿಂದ ಇಡ್ಲಿಯನ್ನು ಸಮುದ್ರಕ್ಕೆ ಅರ್ಪಿಸಿ, ನೀರಿಗೆ ಇಳಿದೆ. ಎಲ್ಲರೂ ಮೀನು ನೋಡುತ್ತಿದ್ದರು. ನಾನು ನನ್ನ ಬಾಯಿಯಲ್ಲಿದ್ದ ವಸ್ತುವಿನ ಬಗ್ಗೆಯೇ ಯೋಚಿಸುತ್ತಿದ್ದೆ. ಎಳೆದರೆ ಗಾಳಿ ಬರುತ್ತದೆ, ಬಿಟ್ಟರೆ ನಿಲ್ಲುತ್ತದೆ. ಪ್ರತಿ ಉಸಿರಿಗೂ ಒಂದು ಚಮಚ ಉಪ್ಪು ನೀರೂ ಬರುತ್ತಿತ್ತು. ಮೇಲೆ ಬಂದು ನೋಡಿದರೆ ಮೌತ್‌ಪೀಸು ಕಟ್ಟಿನ ಹತ್ತಿರ ಹಲ್ಲಿನಷ್ಟು ಹರಿದಿತ್ತು. ಮೂವತ್ತು ರೂಪಾಯಿಯ ಪ್ಲಾಸ್ಟಿಕ್ ಕಟ್ಟಿನ ಕೆಳಗೆ ಯಾರೂ ಬೆರಳಾಡಿಸಿ ನೋಡಿರಲಿಲ್ಲ.

ಆ ವಸ್ತುವಿನ ಹೆಸರೇ ರೆಗ್ಯುಲೇಟರ್. ಲಕ್ಷ ರೂಪಾಯಿಯ ಉಪಕರಣ ಎಂದು ನಿಮ್ಮ ಲೇಖನ ಕೊಂಡಾಡಿದ್ದು ಅದನ್ನೇ ಇರಬೇಕು.

ಅದರ ಕೆಲಸ ಕೇಳಿ. ನಾವು ಬೋಟಿನ ನಾಜಲನ್ನು ಟೆಸ್ಟ್ ಸ್ಟ್ಯಾಂಡಿಗೆ ಹಾಕಿದರೆ ಅದು ಬಾಯಿ ಬಿಡುವುದೂ ಹೆಚ್ಚುಕಡಿಮೆ 200 ಬಾರಿಗೇ. ಲಾರಿ ಟೈರಿನಲ್ಲಿ ಇರುವುದು 7–8 ಬಾರ್. ಅಂದರೆ ಟೈರಿಗಿಂತ 25 ಪಟ್ಟು ಒತ್ತಡದ ಗಾಳಿಯನ್ನು ಮನುಷ್ಯನ ಶ್ವಾಸಕೋಶ ತಡೆಯುವ ಹದಕ್ಕೆ ತರಬೇಕು. ಇದು ಎರಡು ಮೆಟ್ಟಿಲಿನಲ್ಲಿ ನಡೆಯುತ್ತದೆ. ಸಿಲಿಂಡರಿಗೆ ಕಚ್ಚಿಕೊಂಡಿರುವ ಹಿತ್ತಾಳೆಯ ಗಟ್ಟಿ, ಫಸ್ಟ್ ಸ್ಟೇಜ್, ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9–10 ಬಾರ್ ಹೆಚ್ಚಿಗೆ ಇಳಿಸುತ್ತದೆ. ಬಾಯಿಯಲ್ಲಿರುವ ಸೆಕೆಂಡ್ ಸ್ಟೇಜ್ ಅದನ್ನು ಸರಿಯಾಗಿ ಸುತ್ತಲಿನ ನೀರಿನ ಒತ್ತಡಕ್ಕೇ ತರುತ್ತದೆ. ಪ್ರತಿ 10 ಮೀಟರಿಗೆ ನೀರು ಒಂದು ಬಾರ್ ಹೆಚ್ಚುವರಿಯಾಗಿ ಒತ್ತುತ್ತದೆ. 30 ಮೀಟರಿನಲ್ಲಿ ಒಟ್ಟು 4 ಬಾರ್, ಒಂದು ಉಸಿರಿಗೆ ದಡದ ನಾಲ್ಕು ಉಸಿರಿನ ಗಾಳಿ ಖರ್ಚು. ಇಷ್ಟನ್ನು ಒಂದು ಸ್ಪ್ರಿಂಗ್, ಗಾಳಿಯ ದಾರಿಯನ್ನು ಮುಚ್ಚಿ ಹಿಡಿಯುವ ಒಂದು ಸೀಟು, ಒಂದು ರಬ್ಬರ್ ಪರದೆ ಸೇರಿ ಮಾಡುತ್ತವೆ. ಕರೆಂಟಿಲ್ಲ, ಚಿಪ್ ಇಲ್ಲ. ನೋಡಿದ ಮೊದಲ ದಿನವೇ ನನಗೆ ಇದು ನಮ್ಮ ಜಾತಿಯ ಯಂತ್ರ ಅನ್ನಿಸಿತು.

ಆಮೇಲೆ ಓದಿ ತಿಳಿದಾಗ ಅನ್ನಿಸಿದ್ದು ಸುಳ್ಳಾಗಿರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲ್ ಸಿಗದೆ ಕಾರುಗಳು ಗ್ಯಾಸಿನಲ್ಲಿ ಓಡುತ್ತಿದ್ದವು. ಎಂಜಿನ್ನು ಎಳೆದಷ್ಟೇ ಗ್ಯಾಸ್ ಬಿಡುವ ಒಂದು ವಾಲ್ವನ್ನು ಎಮಿಲ್ ಗಾನ್ಯಾ ಎಂಬ ಇಂಜಿನಿಯರ್ ಮಾಡಿದ್ದ. ನೌಕಾಪಡೆಯ ಜಾಕ್ ಕುಸ್ತೋ ಅದನ್ನು ನೋಡಿ ಎಂಜಿನ್ನಿನ ಜಾಗದಲ್ಲಿ ಮನುಷ್ಯನನ್ನು ಇಟ್ಟ. 1943ರ ಜನವರಿಯಲ್ಲಿ ಮಾರ್ನ್ ನದಿಯಲ್ಲಿ ಪರೀಕ್ಷೆ ಮಾಡಿದರೆ, ಮಲಗಿ ಈಜಿದಾಗ ಸರಿ, ನೆಟ್ಟಗೆ ನಿಂತರೆ ಗಾಳಿ ಸುಮ್ಮನೆ ಸುರಿದುಹೋಗುತ್ತದೆ, ತಲೆಕೆಳಗಾದರೆ ಎಳೆದರೂ ಬರುವುದಿಲ್ಲ. ಗಾಳಿ ಒಳಬರುವ ಬಾಯಿ ಮತ್ತು ಉಸಿರು ಹೊರಹೋಗುವ ಬಾಯಿ ಬೇರೆ ಬೇರೆ ಎತ್ತರದಲ್ಲಿದ್ದದ್ದೇ ಕಾರಣ. ಎರಡನ್ನೂ ಒಂದೇ ಮಟ್ಟಕ್ಕೆ ತಂದರು, ರೋಗ ವಾಸಿಯಾಯಿತು. ಯುದ್ಧಕಾಲದಲ್ಲಿ ನಮ್ಮ ಕಡೆಯೂ ಇದ್ದಿಲು ಗ್ಯಾಸಿನ ಬಸ್ಸುಗಳು ಓಡಿದ್ದವು. ಘಟ್ಟದಲ್ಲಿ ಬಸ್ಸು ಏದುಸಿರು ಬಿಟ್ಟಾಗ ಪ್ಯಾಸೆಂಜರುಗಳು ಇಳಿದು ತಳ್ಳುತ್ತಿದ್ದರು ಎಂದು ನನ್ನ ಅಜ್ಜ ಹೇಳುತ್ತಿದ್ದ. ಅದೇ ಕುಲದ ವಾಲ್ವು ಇಂದು ನೇತ್ರಾಣಿಯ ತಳದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರ ಬಾಯಲ್ಲಿದೆ. ಅಜ್ಜ ಇದ್ದಿದ್ದರೆ ನಗುತ್ತಿದ್ದ.

ಈಗ ಬೆಲೆಯ ಮಾತು. 2017ರಲ್ಲಿ, ದುಬೈಯಿಂದ ಊರಿಗೆ ಮರಳಿದ ಭಟ್ಕಳದ ಗಿರಾಕಿಯೊಬ್ಬರಿಂದ ನಾನೂ ಒಂದು ದೊಡ್ಡ ಕಂಪನಿಯ ರೆಗ್ಯುಲೇಟರನ್ನು ಸೆಕೆಂಡ್ ಹ್ಯಾಂಡಿಗೆ 32 ಸಾವಿರ ಕೊಟ್ಟು ಕೊಂಡೆ. ಹೆಂಡತಿಗೆ 12 ಎಂದು ಹೇಳಿದ್ದೆ. ಈ ಪತ್ರ ಅಚ್ಚಾದರೆ ನಿಜ ಗೊತ್ತಾಗುತ್ತದೆ. ಕಂಪನಿಯ ಹೆಸರು ಹೇಳುವುದಿಲ್ಲ, ಜಾಹೀರಾತೂ ಬೇಡ, ದೂರೂ ಬೇಡ. ದುಬಾರಿ ರೆಗ್ಯುಲೇಟರಿನಲ್ಲಿ ಸಿಗುವ ಸುಖ ಸುಳ್ಳಲ್ಲ. ಅದು ಬ್ಯಾಲೆನ್ಸ್ಡ್, ಅಂದರೆ ಸಿಲಿಂಡರ್ 200 ಬಾರ್ ಇದ್ದಾಗಲೂ 50ಕ್ಕೆ ಇಳಿದಾಗಲೂ ಉಸಿರು ಎಳೆಯುವ ಶ್ರಮ ಒಂದೇ. ಅಗ್ಗದ್ದರಲ್ಲಿ ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಎಳೆಯುವುದು ಬಿಗಿಯಾಗುತ್ತದೆ. ಕೆಲವು ಮಾಡೆಲ್ಲುಗಳಲ್ಲಿ ಸ್ಪ್ರಿಂಗಿನ ಕೋಣೆಗೆ ನೀರೇ ಹೋಗದಂತೆ ಸೀಲ್ ಮಾಡಿರುತ್ತಾರೆ. ಟೈಟೇನಿಯಂನವೂ ಇವೆ, ಅವಕ್ಕೆ ಉಪ್ಪು ನೀರು ಏನೂ ಮಾಡುವುದಿಲ್ಲ. ಆದರೆ ಆಮ್ಲಜನಕ ಹೆಚ್ಚಿಗೆ ಬೆರೆಸಿದ ಗಾಳಿಗೆ ಟೈಟೇನಿಯಂ ಬಳಸಬಾರದು, ಹೊತ್ತಿಕೊಳ್ಳುವ ಅಪಾಯ. ಲಕ್ಷ ಕೊಟ್ಟರೂ ಒಂದು ಕೊರತೆ ಜೊತೆಗೇ ಬರುತ್ತದೆ, ನೋಡಿ.

ನಿಮ್ಮ ಲೇಖಕರಿಗೆ ತಿಳಿಯದೇ ಹೋದದ್ದು ಇದು: ದುಬಾರಿಯದು ಹೆಚ್ಚು ಮುನಿಸಿನ ಯಂತ್ರ. ಹಳೇ ಇನ್‌ಲೈನ್ ಪಂಪಿಗೆ ಕಲಬೆರಕೆ ಡೀಸೆಲ್ ಹಾಕಿದರೂ ಹೊಗೆ ಕಾರುತ್ತ ಓಡುತ್ತಿತ್ತು. ಇಂದಿನ ಕಾಮನ್ ರೇಲ್ ಗಾಡಿಗೆ ಡೀಸೆಲ್ಲಿನಲ್ಲಿ ಒಂದಿಷ್ಟು ನೀರು ಸೇರಿದರೆ ಇಂಜೆಕ್ಟರ್ ಹೋಯಿತು, ಹದಿನೈದು ಸಾವಿರ ಬಿಲ್ಲು. ರೆಗ್ಯುಲೇಟರೂ ಹಾಗೆಯೇ. ತುಟಿ ಅಲುಗಿದರೆ ಗಾಳಿ ಬರುವಷ್ಟು ನಾಜೂಕಾಗಿ ಹದ ಮಾಡಿದ್ದು, ಸೀಟು ಕೂದಲಿನಷ್ಟು ಸವೆದರೂ ಹದ ತಪ್ಪುತ್ತದೆ. ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆಗಳ, ಅಂದರೆ ಓ-ರಿಂಗುಗಳ, ಸಂಖ್ಯೆಯೂ ಹೆಚ್ಚು. ಬಾಡಿಗೆಗೆ ಕೊಡುವ ಸಾದಾ ರೆಗ್ಯುಲೇಟರು ಸ್ವಲ್ಪ ಅಸಡ್ಡೆಯನ್ನು ತಡೆದುಕೊಳ್ಳುತ್ತದೆ. ಲಕ್ಷದ್ದು ತಡೆದುಕೊಳ್ಳುವುದಿಲ್ಲ.

ನನಗೆ ಇದು ಪುಸ್ತಕದಿಂದ ಗೊತ್ತಾದದ್ದಲ್ಲ. ಎರಡು ಸೀಸನ್ ಆದ ಮೇಲೆ ನನ್ನದನ್ನು ಸರ್ವಿಸಿಗೆಂದು ದೊಡ್ಡ ಊರಿನ ಒಂದು ಅಂಗಡಿಗೆ ಕೊರಿಯರ್ ಮಾಡಿದೆ. ಅಂಗಡಿ ಯಾವುದು ಅನ್ನುವುದು ಬೇಡ. ಕಳಿಸುವ ಮೊದಲು, ಪಂಪು ಸೀಲ್ ಮಾಡುವ ಅಭ್ಯಾಸಬಲದಿಂದ, ಬಿಚ್ಚಿದರೆ ಗೊತ್ತಾಗಲೆಂದು, ಫಸ್ಟ್ ಸ್ಟೇಜಿನ ಕ್ಯಾಪು ಮತ್ತು ಬಾಡಿ ಕೂಡುವ ಜಾಗದಲ್ಲಿ ಹೆಂಡತಿಯ ಉಗುರುಬಣ್ಣದಿಂದ ಅಡ್ಡಕ್ಕೆ ಒಂದು ಗೆರೆ ಎಳೆದಿದ್ದೆ. ಮೂರು ತಿಂಗಳ ಮೇಲೆ ಡಬ್ಬಿ ವಾಪಸ್ ಬಂತು. ಬಿಲ್ಲಿನಲ್ಲಿ ಎಲ್ಲವೂ ಇತ್ತು: ಸೀಟ್ ಬದಲಾವಣೆ, ಓ-ರಿಂಗ್ ಸೆಟ್, ಅಲ್ಟ್ರಾಸಾನಿಕ್ ಕ್ಲೀನಿಂಗ್. ಗೆರೆ ನೋಡಬೇಕಿತ್ತು. ನೋಡಲಿಲ್ಲ. ಬಿಲ್ಲು ನೋಡಿದೆ.

ನವೆಂಬರಿನಲ್ಲಿ ನೇತ್ರಾಣಿಯ ಬಂಡೆ ಸಾಲಿನ ಹತ್ತಿರ 14 ಮೀಟರಿನಲ್ಲಿದ್ದೆ. ಮೊದಲು ಉಸಿರು ಬಿಟ್ಟ ಮೇಲೂ ಸಣ್ಣಗೆ ಸುಯ್ ಎನ್ನುವ ಸದ್ದು. ಆಮೇಲೆ ಬಾಯಿಯೊಳಗೆ ನಲ್ಲಿ ಬಿಟ್ಟ ಹಾಗೆ ಗಾಳಿ ನುಗ್ಗಿತು. ಇದಕ್ಕೆ ಫ್ರೀ ಫ್ಲೋ ಎನ್ನುತ್ತಾರೆ. ಫಸ್ಟ್ ಸ್ಟೇಜಿನ ಸೀಟು ಹಿಡಿಯದಿದ್ದರೆ ನಡುವಿನ ಹೋಸಿನಲ್ಲಿ ಒತ್ತಡ ಏರುತ್ತ ಹೋಗಿ ಸೆಕೆಂಡ್ ಸ್ಟೇಜಿನ ವಾಲ್ವನ್ನು ತಾನೇ ದೂಡಿ ತೆರೆಯುತ್ತದೆ. ಹಾಗೆ ಆಗುವಂತೆಯೇ ಅದನ್ನು ಕಟ್ಟಿದ್ದಾರೆ, ಕೆಟ್ಟರೆ ಗಾಳಿ ನಿಲ್ಲಬಾರದು, ಸುರಿಯಬೇಕು. ಕಟ್ಟಿದವನಿಗೆ ಕೈಮುಗಿಯಬೇಕಾದದ್ದೇ. ಆದರೆ 14 ಮೀಟರಿನಲ್ಲಿ ಗುಳ್ಳೆಗಳಿಂದ ಏನೂ ಕಾಣದೆ ನಿಂತಾಗ ಅಷ್ಟೆಲ್ಲ ಕೃತಜ್ಞತೆ ಮೂಡುವುದಿಲ್ಲ. ಜೊತೆಗಿದ್ದ ಇನ್‌ಸ್ಟ್ರಕ್ಟರ್ ತನ್ನ ಹಳದಿ ಬಣ್ಣದ ಹೆಚ್ಚುವರಿ ರೆಗ್ಯುಲೇಟರನ್ನು ನನ್ನ ಬಾಯಿಗಿಟ್ಟು, ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ನಿಧಾನಕ್ಕೆ ಮೇಲೆ ತಂದ. ಗಾಬರಿಯಲ್ಲಿ ಉಸಿರು ಕಟ್ಟಿ ಮೇಲಕ್ಕೆ ಚಿಮ್ಮಿದ್ದರೆ ಶ್ವಾಸಕೋಶ ಹರಿಯಬಹುದಿತ್ತು. ಬೋಟಿನಲ್ಲಿ ಗೇಜ್ ನೋಡಿದರೆ 140ರಲ್ಲಿ ಇದ್ದ ಮುಳ್ಳು 30ಕ್ಕೆ ಬಂದಿತ್ತು.

ರಾತ್ರಿ ಮನೆಯಲ್ಲಿ ದೀಪದ ಕೆಳಗೆ ಹಿಡಿದು ನೋಡಿದೆ. ಉಗುರುಬಣ್ಣದ ಗೆರೆ ಕ್ಯಾಪಿನಿಂದ ಬಾಡಿಯವರೆಗೆ ಸೀದಾ ಇತ್ತು. ಒಂದು ಕೂದಲೂ ಕದಲಿರಲಿಲ್ಲ.

ಅಲ್ಲಿಂದ ನಾನೇ ಕಲಿಯಲು ಹೊರಟೆ. ಕಾರವಾರದಲ್ಲಿ ನೌಕಾಪಡೆಯಿಂದ ನಿವೃತ್ತರಾದ ಹಿರಿಯ ಡೈವರ್ ಒಬ್ಬರಿದ್ದಾರೆ. ಕೊಚ್ಚಿಯ ಡೈವಿಂಗ್ ಸ್ಕೂಲಿನಲ್ಲಿ ತಯಾರಾದವರು. ಹೆಸರು ಬೇಡ ಅಂದಿದ್ದಾರೆ. ಆರು ಭಾನುವಾರ ಅವರ ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಬಿಚ್ಚಿ ಜೋಡಿಸಿದೆ. ಮೊದಲ ದಿನ ಓ-ರಿಂಗ್ ತೆಗೆಯಲು ಸೂಜಿ ತೆಗೆದುಕೊಂಡೆ. ಕೈಮೇಲೆ ಹೊಡೆದರು. ಹಿತ್ತಾಳೆಯ ಕಡ್ಡಿಯೇ ಆಗಬೇಕು. ಉಕ್ಕಿನ ಮೊನೆ ಗೀರಿದರೆ ಆ ಗೀರಿನಲ್ಲೇ 200 ಬಾರ್ ಗಾಳಿ ದಾರಿ ಮಾಡಿಕೊಳ್ಳುತ್ತದೆ. ಗ್ರೀಸೂ ಅದಕ್ಕೆಂದೇ ಇರುವುದು ಮಾತ್ರ, ಉದ್ದಿನಕಾಳಿನಷ್ಟು. ಒಬ್ಬರು ರಬ್ಬರು ಮೆತ್ತಗಿರಲಿ ಎಂದು ಕೊಬ್ಬರಿ ಎಣ್ಣೆ ಸವರಿದ್ದನ್ನು ನಾನೇ ಕಂಡಿದ್ದೇನೆ. ಎಣ್ಣೆಗೂ ಹೆಚ್ಚು ಒತ್ತಡದ ಗಾಳಿಗೂ ಆಗಿಬರುವುದಿಲ್ಲ ಎಂದು ಅವರಿಗೆ ಹೇಳಿದವರಿಲ್ಲ.

ಅವರು ಕಲಿಸಿದ್ದರಲ್ಲಿ ನನಗೆ ಬಲು ಹಿಡಿಸಿದ್ದು ಗಾಳಿ ಒಳಹೋಗುವ ಬಾಯಲ್ಲಿರುವ ಕಿರುಬೆರಳ ಉಗುರಿನಷ್ಟು ಫಿಲ್ಟರ್ ಓದುವುದು. ಹಸಿರು ಕಿಲುಬಿದ್ದರೆ ಉಪ್ಪು ನೀರು ಒಳಹೋಗಿದೆ, ಯಾರೋ ಆ ಬಾಯಿಯ ಮುಚ್ಚಳ, ಡಸ್ಟ್ ಕ್ಯಾಪ್, ಹಾಕದೆ ತೊಳೆದಿದ್ದಾರೆ. ಕೆಂಗಂದು ಇದ್ದರೆ ಉಕ್ಕಿನ ಸಿಲಿಂಡರಿನ ಒಳಗೆ ತುಕ್ಕು. ಕಪ್ಪಿದ್ದರೆ ಕಂಪ್ರೆಸರಿನ ಫಿಲ್ಟರ್ ಸತ್ತಿದೆ. ಡೀಸೆಲ್ ಫಿಲ್ಟರ್ ಕೊಯ್ದು ನೋಡಿ ಯಾವ ಬಂಕಿನಲ್ಲಿ ಹಾಕಿಸಿದಿರಿ ಎಂದು ಕೇಳುವ ನಮ್ಮಂಥವರಿಗೆ ಇದು ಮನೆಮಾತಿನಂತೆ ಅರ್ಥವಾಗುತ್ತದೆ.

ಹೀಗೆಂದು ಓದುಗರು ಸ್ಪ್ಯಾನರ್ ಹಿಡಿದು ಕೂರಬಾರದು. ನಾನೂ ನನ್ನದನ್ನು ಬಿಟ್ಟು ಬೇರೆಯವರ ರೆಗ್ಯುಲೇಟರಿಗೆ ಕೈಹಚ್ಚಿಲ್ಲ, ನನ್ನ ಬಳಿ ಸರ್ಟಿಫಿಕೇಟ್ ಇಲ್ಲ. ಆದರೆ ಮಾಲೀಕನ ಕೈಯಲ್ಲೇ ಇರುವ ಕೆಲಸ ಬಹಳವಿದೆ. ಉಪ್ಪು ಒಣಗುವ ಮೊದಲೇ ಸಿಹಿನೀರಿನಲ್ಲಿ ನೆನೆಸಬೇಕು, ಆದರೆ ಸಿಲಿಂಡರಿಗೆ ಜೋಡಿಸಿ ಗಾಳಿ ಬಿಟ್ಟುಕೊಂಡೇ ನೆನೆಸುವುದು ಉತ್ತಮ. ಬಿಚ್ಚಿ ನೆನೆಸುವುದಾದರೆ ಡಸ್ಟ್ ಕ್ಯಾಪನ್ನು ಒರೆಸಿ ಒಣಗಿಸಿ ಬಿಗಿಯಬೇಕು, ಗಾಳಿ ಬಿಡಲೆಂದು ಸೆಕೆಂಡ್ ಸ್ಟೇಜಿನ ಮುಖದಲ್ಲಿರುವ ಪರ್ಜ್ ಬಟನ್ ಒತ್ತಲೇಬಾರದು. ಒತ್ತಿದರೆ ನೀರು ಹೋಸಿನಗುಂಟ ಒಳಗೆ ನಡೆಯುತ್ತದೆ. ನಮ್ಮ ಮನೆ ಅಘನಾಶಿನಿಯ ಅಳಿವೆಯ ಹತ್ತಿರ. ಏಪ್ರಿಲ್ ಬಂತೆಂದರೆ ಬಾವಿಯ ನೀರೇ ಉಪ್ಪಾಗುತ್ತದೆ. ಅದರಲ್ಲೇ ತೊಳೆದು ತೊಳೆದೆ ಅಂದುಕೊಂಡಿದ್ದೆ, ಎರಡು ಬೇಸಿಗೆ. ಈಗ ಕುಡಿಯಲು ಹಿಡಿದಿಟ್ಟ ನಲ್ಲಿ ನೀರಿನಲ್ಲಿ ಅರ್ಧ ಬಕೆಟ್ ಇದಕ್ಕೆ. ಮನೆಯಲ್ಲಿ ಇದರ ಬಗ್ಗೆ ಮಾತು ಬಂದೇ ಬರುತ್ತದೆ.

ಬಳಸದೆ ಇಟ್ಟರೆ ಹೊಸದಾಗಿಯೇ ಇರುತ್ತದೆ ಎಂಬುದೂ ಸುಳ್ಳು. ಜೂನಿನಿಂದ ಸೆಪ್ಟೆಂಬರಿನವರೆಗೆ ಸಮುದ್ರ ನಮ್ಮದಲ್ಲ. ಒಂದು ಮಳೆಗಾಲ ಮೊಳೆಗೆ ತೂಗುಹಾಕಿ ಮರೆತೆ. ತೆಗೆದು ನೋಡಿದರೆ ಉಸಿರು ಹೊರಹೋಗುವ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಮನೆ ಕಟ್ಟಿ, ಒಳಗೆ ಹಸಿರು ಹುಳವನ್ನು ಮರಿಗೆ ಊಟಕ್ಕೆಂದು ಇಟ್ಟು, ಬಾಗಿಲು ಮುಚ್ಚಿ ಹೋಗಿತ್ತು. ನೀರಿನೊಳಗೆ ಮೊದಲ ಉಸಿರು ಬಿಡುವಾಗ ಅದು ಸಿಕ್ಕಿದ್ದರೆ ಏನು ಕಥೆ? ಇಟ್ಟಲ್ಲೇ ರಬ್ಬರೂ ಮುಪ್ಪಾಗುತ್ತದೆ, ಓ-ರಿಂಗು ಚಪ್ಪಟೆಯಾಗಿ ಕೂತುಬಿಡುತ್ತದೆ. ಅದಕ್ಕೇ ಕಂಪನಿಗಳು 100 ಡೈವ್ ಎಂದು ಮಾತ್ರ ಹೇಳುವುದಿಲ್ಲ. 100 ಡೈವ್ ಅಥವಾ ವರ್ಷ, ಎರಡು ವರ್ಷ, ಯಾವುದು ಮೊದಲೋ ಅದು ಎನ್ನುತ್ತವೆ. ಹೊಳೆಯಲ್ಲಿ ಮುಳುಗಿದವರನ್ನು ಹುಡುಕಲೆಂದು ತಂದ ಸೆಟ್ಟು ಪ್ಲಾಸ್ಟಿಕ್ ಕವರೂ ಹರಿಯದೆ ವರ್ಷಗಟ್ಟಲೆ ಕಪಾಟಿನಲ್ಲಿ ಮಲಗಿದ್ದನ್ನು ನಾನು ಒಂದು ಕಚೇರಿಯಲ್ಲಿ ನೋಡಿದ್ದೇನೆ. ಖರೀದಿಗೆ ಟೆಂಡರ್ ಆಗಿತ್ತು, ಸರ್ವಿಸಿಗೆ ಬಜೆಟ್ಟಿನಲ್ಲಿ ಬಾಬತ್ತೇ ಇರಲಿಲ್ಲವಂತೆ.

ಇನ್ನು ಕಿಟ್ಟಿನ ಗೋಳು. ಸೀಟು, ಓ-ರಿಂಗು ಸೇರಿದ ಸರ್ವಿಸ್ ಕಿಟ್ಟನ್ನು ಹೆಚ್ಚಿನ ಕಂಪನಿಗಳು ತಮ್ಮಲ್ಲಿ ತರಬೇತಿಯಾದ ಡೀಲರುಗಳನ್ನು ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ. ಪ್ರಾಣಕ್ಕೆ ಸಂಬಂಧಿಸಿದ ಯಂತ್ರ, ಕಂಡವರು ಬಿಚ್ಚಬಾರದು ಎನ್ನುತ್ತವೆ. ನ್ಯಾಯವೇ. ಆದರೆ ತರಬೇತಿಯಾದವನು ಬಿಚ್ಚದೆಯೇ ಬಿಲ್ಲು ಬರೆದರೆ? ನನ್ನ ಕಿಟ್ಟು ಕೊನೆಗೆ ಮಸ್ಕತ್‌ನಲ್ಲಿರುವ ನಮ್ಮೂರ ಹುಡುಗನ ಚೀಲದಲ್ಲಿ, ಖರ್ಜೂರದ ಪೊಟ್ಟಣದ ಜೊತೆ ಬಂತು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಮನೆಯ ಉಪಕರಣ, ವಾಹನ, ಈ ನಾಲ್ಕು ಬಾಬತ್ತಿಗೆ. ನಮ್ಮ ಈ ವಸ್ತು ಯಾವ ಬಾಬತ್ತಿಗೂ ಸೇರುವುದಿಲ್ಲ. ಕಾರಿನ ಭಾಗದಿಂದ ಹುಟ್ಟಿದ್ದು ತಾನೇ, ವಾಹನಕ್ಕೆ ಸೇರಿಸಿ ಎಂದು ಅರ್ಜಿ ಹಾಕೋಣವೆಂದು ಕಾರವಾರದ ಹಿರಿಯರು ತಮಾಷೆ ಮಾಡುತ್ತಾರೆ.

ನನ್ನ ಬೇಡಿಕೆ ಸಣ್ಣದು. ಡೈವಿಂಗ್ ಸಿಲಿಂಡರಿಗೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಕೊಟ್ಟು ಮಾಡುವ ಪರೀಕ್ಷೆ, ಆಗಬೇಕೆಂಬ ನಿಯಮವಿದೆ, ಭುಜದ ಮೇಲೆ ತಾರೀಖು ಕುಟ್ಟಿರುತ್ತಾರೆ, ಯಾರು ಬೇಕಾದರೂ ಓದಬಹುದು. ಅದರ ತಲೆಗೆ ಕೂರುವ ರೆಗ್ಯುಲೇಟರಿನ ಮೇಲೆ ಸೀರಿಯಲ್ ನಂಬರ್ ಇರುತ್ತದೆ, ಸರ್ವಿಸಿನ ತಾರೀಖು ಇರುವುದಿಲ್ಲ. ಆಟೋಗೆ ಎಫ್‌ಸಿ ಇದೆ, ಮೀನು ಪೇಟೆಯ ತಕ್ಕಡಿಗೂ ಮುದ್ರೆ ಇದೆ. ಪ್ರವಾಸೋದ್ಯಮ ಇಲಾಖೆಯವರು ನೇತ್ರಾಣಿಗೆ ಕರೆದೊಯ್ಯುವ ಪ್ರತಿ ಕೌಂಟರಿನಲ್ಲೂ ಒಂದು ಬೋರ್ಡ್ ತೂಗುಹಾಕಿಸಲಿ: ರೆಗ್ಯುಲೇಟರಿನ ಸೀರಿಯಲ್ ನಂಬರ್, ಕೊನೆಯ ಸರ್ವಿಸಿನ ತಾರೀಖು, ಮಾಡಿದವರ ಸಹಿ. ಬಿಚ್ಚಿ ತೆಗೆದ ಹಳೇ ಸೀಟನ್ನು ಸಣ್ಣ ಕವರಿನಲ್ಲಿ ಹಾಕಿ ಇಟ್ಟಿರಲಿ. ನಾವು ಹಳೇ ನಾಜಲನ್ನು ಗಿರಾಕಿಯ ಕೈಗೇ ಕೊಡುವುದಿಲ್ಲವೇ ಹಾಗೆ. ಶ್ರದ್ಧೆಯಿಂದ ಈ ಕೆಲಸ ಮಾಡುವ ಡೈವಿಂಗಿನವರು ನಮ್ಮಲ್ಲಿ ಇದ್ದಾರೆ, ನನ್ನನ್ನು ಮೇಲೆ ತಂದ ಹುಡುಗನೂ ಅಂಥವರಲ್ಲಿ ಕೆಲಸ ಮಾಡುವವನೇ. ಬೋರ್ಡಿನಿಂದ ಅವರಿಗೆ ಲಾಭವೇ ಆಗುತ್ತದೆ. ನಮ್ಮ ಕರಾವಳಿಯ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಇದನ್ನು ಆರು ತಿಂಗಳಲ್ಲಿ ಕಲಿಸಬಹುದು. ಕೈ ಅವರಿಗೆ ಆಗಲೇ ಬಂದಿರುತ್ತದೆ.

ಮತ್ತು ನೇತ್ರಾಣಿಗೆ ಹೊರಟವರು ಬೋಟಿನಲ್ಲಿಯೇ ಮಾಡಬಹುದಾದ್ದು ಒಂದಿದೆ. ರೆಗ್ಯುಲೇಟರ್ ಬಾಯಿಗಿಟ್ಟು, ಒತ್ತಡದ ಗೇಜ್ ನೋಡುತ್ತ ನಾಲ್ಕು ಉಸಿರು ಜೋರಾಗಿ ಎಳೆಯಿರಿ. ಮುಳ್ಳು ಪ್ರತಿ ಉಸಿರಿಗೂ ಕೆಳಗೆ ಬಿದ್ದು ಮೇಲೆ ಬಂದರೆ ಸಿಲಿಂಡರಿನ ವಾಲ್ವು ಪೂರ್ತಿ ತೆರೆದಿಲ್ಲ ಅಥವಾ ಫಿಲ್ಟರ್ ಕಟ್ಟಿದೆ. ಇಳಿಯಬೇಡಿ. ಮೌತ್‌ಪೀಸಿನ ಕಟ್ಟಿನ ಕೆಳಗೊಮ್ಮೆ ಬೆರಳಾಡಿಸಿ. ಆಮೇಲೆ ತಾರೀಖು ಕೇಳಿ. ‘ಇದು ಇಂಪೋರ್ಟೆಡ್ ಸಾರ್’ ಎಂದರೆ ಇನ್ನೊಮ್ಮೆ ಕೇಳಿ.

ನನ್ನದರ ತಾರೀಖು ಯಾರಾದರೂ ಕೇಳಿದರೆ: ಸೆಪ್ಟೆಂಬರ್ 14, ಭಾನುವಾರ. ಹೊಸ ಸೀಟು ಹಾಕಿ ಗೇಜ್ ಜೋಡಿಸಿದಾಗ ನಡುವಿನ ಹೋಸಿನ ಒತ್ತಡ 9.4 ಬಾರ್. ಹತ್ತು ನಿಮಿಷ ಬಿಟ್ಟು, ಚಹಾ ಕುಡಿದು ಬಂದು ನೋಡಿದೆ. ಆಗಲೂ 9.4.

ಇಂತಿ,
ಡೀಸೆಲ್ ಪಂಪ್ ಮೆಕ್ಯಾನಿಕ್,
ಕುಮಟಾ